ಕಿಂಗ್‌ಸ್ಟನ್ ಬಂದರಿಗೆ ಕಂಟೇನರ್ ಕಳಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

‘ಹಡಗು ಕಿಂಗ್‌ಸ್ಟನ್ ಮುಟ್ಟಿದೆ ಅಂತ ಟ್ರ್ಯಾಕಿಂಗ್ ತೋರಿಸುತ್ತಿದೆ, ಗಿರಾಕಿ ಮಾತ್ರ ಮಾಲು ಕೈಗೆ ಬಂದಿಲ್ಲ ಅನ್ನುತ್ತಿದ್ದಾರೆ. ಯಾರನ್ನು ನಂಬೋದು?’ ಜಮೈಕಾಗೆ ಗ್ರಾನೈಟ್, ಅಗರಬತ್ತಿ, ಯಂತ್ರದ ಬಿಡಿಭಾಗ ಕಳಿಸುವ ನಮ್ಮ ಸಣ್ಣ ರಫ್ತುದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಇಬ್ಬರನ್ನೂ ನಂಬಬಹುದು. ಹಡಗು ಬಂದಿರುತ್ತದೆ, ಮಾಲು ಸಿಕ್ಕಿರುವುದಿಲ್ಲ. ನಡುವೆ ಬಂದರಿನ ಅಂಗಳವಿದೆ, ಕಸ್ಟಮ್ಸ್ ಇದೆ, ನೀವು ಕಳಿಸಿದ ಅಥವಾ ಕಳಿಸದೆ ಬಿಟ್ಟ ಕಾಗದ ಇದೆ. ಸಮುದ್ರದ ಮೇಲಿನ ದಿನಗಳನ್ನು ನೀವು ಕಡಿಮೆ ಮಾಡಲಾರಿರಿ. ಅಂಗಳದಲ್ಲಿ ಕೊಳೆಯುವ ದಿನಗಳನ್ನು ಬೆಂಗಳೂರಿನಲ್ಲಿ ಕೂತೇ ಕಡಿಮೆ ಮಾಡಬಹುದು, ಆದರೆ ಕಂಟೇನರ್ ಇಲ್ಲಿಂದ ಹೊರಡುವ ಮೊದಲು.

ಉದಾಹರಣೆಗೆ ಪಾಲಿಶ್ ಮಾಡಿದ ಗ್ರಾನೈಟ್ ಚಪ್ಪಡಿಯನ್ನು ಹಿಡಿದುಕೊಂಡಿದ್ದೇನೆ. ತೂಕ, ಮರದ ಕ್ರೇಟು, ಒಡೆಯುವ ಭಯ ಮೂರೂ ಅದರಲ್ಲಿವೆ. ನಿಮ್ಮ ಮಾಲು ಬೇರೆಯಾಗಿದ್ದರೂ ದಾರಿ ಇದೇ.

ಮೊದಲು ಬಂದರನ್ನು ಅರ್ಥ ಮಾಡಿಕೊಳ್ಳಿ

ಕಿಂಗ್‌ಸ್ಟನ್ ಜಗತ್ತಿನ ದೊಡ್ಡ ನೈಸರ್ಗಿಕ ಬಂದರುಗಳಲ್ಲಿ ಒಂದು. ಪ್ಯಾಲಿಸೇಡೋಸ್ ಎಂಬ ಉದ್ದನೆಯ ಮರಳಿನ ದಿಣ್ಣೆ ತೆರೆದ ಸಮುದ್ರಕ್ಕೂ ಬಂದರಿಗೂ ನಡುವೆ ಗೋಡೆಯಂತೆ ಮಲಗಿದೆ. ಅದರ ತುದಿಯಲ್ಲಿರುವುದು ಪೋರ್ಟ್ ರಾಯಲ್, 1692ರ ಭೂಕಂಪದಲ್ಲಿ ದೊಡ್ಡ ಭಾಗ ಸಮುದ್ರಕ್ಕೆ ಜಾರಿದ ಊರು. ಅಲ್ಲಿಂದ ಓಡಿಬಂದವರು ನೆಲೆಸಿದ್ದರಿಂದಲೇ ಎದುರು ದಡದ ಕಿಂಗ್‌ಸ್ಟನ್ ಬೆಳೆಯಿತು. ಇಂದು ಹಡಗುಗಳು ಅದೇ ಪೋರ್ಟ್ ರಾಯಲ್ ಮಗ್ಗುಲಿಂದ, ಸ್ಥಳೀಯ ಪೈಲಟ್‌ನನ್ನು ಹತ್ತಿಸಿಕೊಂಡು, ಒಳಬರುತ್ತವೆ.

ಸರಕಿನ ಕೆಲಸ ನಡೆಯುವುದು ನಗರದ ಪಶ್ಚಿಮದ ದಡದಲ್ಲಿ. ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಬೇರೆ ಬೇರೆ ಸಂಸ್ಥೆಗಳಿವೆ, ಇದನ್ನು ಗೊಂದಲ ಮಾಡಿಕೊಳ್ಳಬೇಡಿ.

ಒಂದು, ಕಿಂಗ್‌ಸ್ಟನ್ ಕಂಟೇನರ್ ಟರ್ಮಿನಲ್. 1975ರಿಂದ ಕೆಲಸ ಮಾಡುತ್ತಿದೆ. ಇದನ್ನು 2016ರ ಜುಲೈಯಿಂದ 30 ವರ್ಷದ ಒಪ್ಪಂದದ ಮೇಲೆ ನಡೆಸುತ್ತಿರುವುದು ಫ್ರಾನ್ಸ್‌ನ ಸಿಎಂಎ ಸಿಜಿಎಂ ಸಮೂಹದ ಕಿಂಗ್‌ಸ್ಟನ್ ಫ್ರೀಪೋರ್ಟ್ ಟರ್ಮಿನಲ್ ಕಂಪನಿ. ಒಡೆತನ ಜಮೈಕಾ ಬಂದರು ಪ್ರಾಧಿಕಾರದ್ದೇ. ಇನ್ನೊಂದು, ಕಿಂಗ್‌ಸ್ಟನ್ ವಾರ್ವ್ಸ್. ಒಂಬತ್ತು ಬರ್ತ್‌ಗಳ, ಅಂದರೆ ಒಂಬತ್ತು ಹಡಗುಕಟ್ಟೆಗಳ ಬಹುಪಯೋಗಿ ಟರ್ಮಿನಲ್. ಕಂಟೇನರ್ ಜೊತೆಗೆ ಕಾರು, ಉಕ್ಕು, ಚೀಲದ ಸರಕು, ಸಡಿಲ ಸರಕು ಎಲ್ಲವೂ ಇಲ್ಲಿಗೆ ಬರುತ್ತದೆ.

ಈ ಬಂದರಿನ ಮುಖ್ಯ ದಂಧೆ ಜಮೈಕಾದ ಆಮದಲ್ಲ, ಟ್ರಾನ್ಸ್‌ಶಿಪ್‌ಮೆಂಟ್. ಅಂದರೆ ಒಂದು ಹಡಗಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸುವುದು. ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿಯುವ ಜನರಲ್ಲಿ ಹೆಚ್ಚಿನವರು ಊರೊಳಗೆ ಹೋಗದೆ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗುತ್ತಾರಲ್ಲ, ಹಾಗೆ. ಪನಾಮಾ ಕಾಲುವೆಯಿಂದ ಅಮೆರಿಕದ ಪೂರ್ವ ಕರಾವಳಿಗೆ ಹೋಗುವ ದಾರಿಗೆ ಕಿಂಗ್‌ಸ್ಟನ್ ತೀರಾ ಹತ್ತಿರ. 2016ರ ಜೂನ್ 26ರಂದು ಕಾಲುವೆಯ ಹೊಸ ಅಗಲವಾದ ಲಾಕ್‌ಗಳು, ಅಂದರೆ ಹಡಗನ್ನು ನೀರಿನಿಂದ ಏರಿಸಿ ಇಳಿಸುವ ಕೋಣೆಗಳು, ತೆರೆದ ಮೇಲೆ 366 ಮೀಟರ್ ಉದ್ದದ ಹಡಗುಗಳೂ ಈ ದಾರಿ ಹಿಡಿದವು. ಅವುಗಳಿಗಾಗಿ ಬಂದರಿನ ಪ್ರವೇಶ ಮಾರ್ಗವನ್ನೂ ಆಳ ಮಾಡಲಾಯಿತು.

ಇದರಿಂದ ನಿಮಗೇನು? ಟ್ರ್ಯಾಕಿಂಗ್‌ನಲ್ಲಿ ‘ಡಿಸ್‌ಚಾರ್ಜ್ಡ್ ಅಟ್ ಕಿಂಗ್‌ಸ್ಟನ್’ ಎಂದು ಕಂಡರೆ ಅದರರ್ಥ ಕ್ರೇನು ಪೆಟ್ಟಿಗೆಯನ್ನು ನೆಲಕ್ಕಿಳಿಸಿದೆ, ಅಷ್ಟೇ. ಗೇಟಿನಿಂದ ಆಚೆ ಹೋಗಬೇಕಾದ ಸ್ಥಳೀಯ ಪೆಟ್ಟಿಗೆಗಳು ಇಲ್ಲಿ ಅಲ್ಪಸಂಖ್ಯಾತರು. ಅವನ್ನು ಹೊರಗೆ ಎಳೆಯುವುದು ಆಮದುದಾರರ ಕೆಲಸವೇ ಹೊರತು ಬಂದರಿನ ಕೆಲಸವಲ್ಲ.

ಹಂತ 1: ಊರಿನ ಹೆಸರು, ಟರ್ಮಿನಲ್‌ನ ಹೆಸರು

ನಗು ಬರಬಹುದು, ಆದರೂ ಹೇಳುತ್ತೇನೆ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್. ಅದೇ ಕೆರಿಬಿಯನ್‌ನಲ್ಲಿ ಸೇಂಟ್ ವಿನ್ಸೆಂಟ್ ಆ್ಯಂಡ್ ದ ಗ್ರೆನಡೀನ್ಸ್ ದೇಶದ ರಾಜಧಾನಿ ಕಿಂಗ್ಸ್‌ಟೌನ್, ಅದೂ ಬಂದರೇ. ಕೆನಡಾದಲ್ಲೂ ಒಂದು ಕಿಂಗ್‌ಸ್ಟನ್ ಇದೆ. ದರ ಕೇಳುವಾಗಲೇ, ಬುಕಿಂಗ್‌ನಲ್ಲಿ, ಇನ್‌ವಾಯ್ಸ್‌ನಲ್ಲಿ, ಎಲ್ಲ ಕಡೆ ದೇಶದ ಹೆಸರು ಸೇರಿಸಿ ‘ಕಿಂಗ್‌ಸ್ಟನ್, ಜಮೈಕಾ’ ಎಂದೇ ಬರೆಯಿರಿ. ಅಂತರರಾಷ್ಟ್ರೀಯ ಸ್ಥಳಸಂಕೇತ ಜೆಎಂಕೆಐಎನ್. ಅದನ್ನೂ ತಾಳೆ ನೋಡಿ.

ಆಮೇಲೆ ನಿಮ್ಮ ಫ್ರೈಟ್ ಫಾರ್ವರ್ಡರ್ ಅಂದರೆ ಸಾಗಣೆಯ ಮಧ್ಯವರ್ತಿಗೆ ಇನ್ನೊಂದು ಪ್ರಶ್ನೆ: ಈ ಹಡಗು ಕಂಪನಿ ಪೆಟ್ಟಿಗೆಯನ್ನು ಇಳಿಸುವುದು ಕಂಟೇನರ್ ಟರ್ಮಿನಲ್‌ನಲ್ಲೋ ವಾರ್ವ್ಸ್‌ನಲ್ಲೋ? ಶುಲ್ಕದ ಪಟ್ಟಿ, ಉಚಿತ ದಿನಗಳು, ಗೇಟಿನ ನಿಯಮ ಎರಡರಲ್ಲೂ ಬೇರೆ ಬೇರೆ. ನಿಮ್ಮ ಗಿರಾಕಿಯ ಲಾರಿ ತಪ್ಪು ಗೇಟಿನ ಮುಂದೆ ಕಾಯುವುದು ಬೇಡ.

ಹಂತ 2: ಗಿರಾಕಿಯ ಬಳಿ ಏನಿದೆ ಎಂದು ಮೊದಲೇ ಕೇಳಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಆದರೆ ಎಲ್ಲರೂ ಮುಜುಗರದಿಂದ ಹಾರಿಸುವ ಹಂತವೂ ಇದೇ. ಆರ್ಡರ್ ಕೊಟ್ಟವರನ್ನು ಪ್ರಶ್ನೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು. ಕೇಳಿ. ನಿಜವಾದ ಆಮದುದಾರರು ಈ ಪ್ರಶ್ನೆಗಳಿಗೆ ಒಂದೇ ಇ-ಮೇಲ್‌ನಲ್ಲಿ ಉತ್ತರಿಸುತ್ತಾರೆ.

ತೆರಿಗೆ ನೋಂದಣಿ ಸಂಖ್ಯೆ ಇದೆಯೇ? ಜಮೈಕಾದಲ್ಲಿ ಇದನ್ನು ಟಿಆರ್‌ಎನ್ ಎನ್ನುತ್ತಾರೆ, ನಮ್ಮ ಪ್ಯಾನ್ ಇದ್ದ ಹಾಗೆ ಎಲ್ಲ ವ್ಯವಹಾರಕ್ಕೂ ಬೇಕು. ಅದರ ಜೊತೆ ನೋಂದಾಯಿತ ಹೆಸರು ಅಕ್ಷರ ಅಕ್ಷರ ಹೇಗಿದೆ ಎಂದು ಬರೆಸಿಕೊಳ್ಳಿ. ಅಂಗಡಿಯ ಬೋರ್ಡಿನ ಮೇಲಿನ ಹೆಸರೇ ಬೇರೆ, ಟಿಆರ್‌ಎನ್‌ನಲ್ಲಿರುವ ಹೆಸರೇ ಬೇರೆ ಇರುವುದು ಮಾಮೂಲು. ನಿಮ್ಮ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ, ಹಂತ 6 ನೋಡಿ) ಎರಡರಲ್ಲೂ ಟಿಆರ್‌ಎನ್‌ನಲ್ಲಿರುವ ಹೆಸರೇ ಬರಬೇಕು.

ಕಸ್ಟಮ್ಸ್ ಬ್ರೋಕರ್ ಯಾರು? ಸರಕಿನ ಬೆಲೆ 5,000 ಅಮೆರಿಕನ್ ಡಾಲರ್ ದಾಟಿದರೆ ಪರವಾನಗಿ ಪಡೆದ ಬ್ರೋಕರ್ ಮೂಲಕವೇ ಘೋಷಣೆ ಸಲ್ಲಿಸಬೇಕು. ಒಂದು ಪೂರ್ಣ ಕಂಟೇನರ್ ಗ್ರಾನೈಟ್ ಈ ಮಿತಿಯನ್ನು ದಾಟಿಯೇ ತೀರುತ್ತದೆ ಎಂದುಕೊಳ್ಳಿ. ಬ್ರೋಕರ್‌ನ ಇ-ಮೇಲ್ ವಿಳಾಸ ಪಡೆದು, ಕರಡು ಕಾಗದಗಳನ್ನು ಅವರಿಗೂ ಕಳಿಸಿ. ಸರಕು ಹೊರಡುವ ಮೊದಲು ಬ್ರೋಕರ್ ಕಣ್ಣು ಹಾಯಿಸಿದ ಇನ್‌ವಾಯ್ಸ್‌ಗೆ ಅಲ್ಲಿ ತಕರಾರು ಬರುವುದು ಅಪರೂಪ.

ಪರವಾನಗಿ ಬೇಕಾದ ಮಾಲೇ? ಮಸಾಲೆ, ಬೇಳೆ, ಬೀಜ ಮುಂತಾದ ಸಸ್ಯಮೂಲದ ವಸ್ತುಗಳಿಗೆ ಅಲ್ಲಿನ ಕೃಷಿ ಸಚಿವಾಲಯದ ಆಮದು ಅನುಮತಿ ಮೊದಲೇ ಇರಬೇಕು. ಇಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಹೋಗಬೇಕು. ಔಷಧಕ್ಕೆ ಆರೋಗ್ಯ ಸಚಿವಾಲಯದ ನೋಂದಣಿ. ‘ಮಾಲು ಬರಲಿ, ಆಮೇಲೆ ಪರ್ಮಿಟ್ ಮಾಡಿಸ್ತೀನಿ’ ಎನ್ನುವ ಗಿರಾಕಿ ಇದ್ದರೆ ಕಂಟೇನರ್ ಬುಕ್ ಮಾಡಬೇಡಿ. ಕಾಫಿ ಕಳಿಸುವ ಯೋಚನೆ ಇದ್ದ ಚಿಕ್ಕಮಗಳೂರಿನವರಿಗೆ ಒಂದು ಮಾತು: ಬ್ಲೂ ಮೌಂಟನ್ ಎಂಬ ತನ್ನ ಕಾಫಿಯ ಹೆಸರನ್ನು ಕಣ್ಣಿನ ರೆಪ್ಪೆಯಂತೆ ಕಾಯುವ ದೇಶ ಅದು. ಕಾಫಿಯ ಆಮದಿನ ಮೇಲೆ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರದ ಕಣ್ಣಿದೆ.

ಹಂತ 3: ನಮ್ಮ ಕಡೆಯ ಕಾಗದ

ಐಇಸಿ ಅಂದರೆ ಆಮದು-ರಫ್ತು ಸಂಕೇತ, ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣ ಬರುವ ಶಾಖೆಯ ಸಂಖ್ಯೆ) ಅನ್ನು ನೀವು ಸಾಗಿಸುವ ಬಂದರಿನಲ್ಲಿ ನೋಂದಾಯಿಸಿರುವುದು, ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯ ಎಲ್‌ಯುಟಿ ಮುಚ್ಚಳಿಕೆ, ಶಿಪ್ಪಿಂಗ್ ಬಿಲ್ ಅಂದರೆ ನಮ್ಮ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತಿನ ಘೋಷಣೆ. ಇವನ್ನು ನಿಮ್ಮ ಕಸ್ಟಮ್ಸ್ ಏಜೆಂಟ್ ಹೇಗೂ ಕೇಳುತ್ತಾರೆ, ಇಲ್ಲಿ ಎಳೆಯುವುದಿಲ್ಲ. ಎರಡು ವಿಷಯ ಮಾತ್ರ ಹೇಳಬೇಕು.

ಒಂದು, ಎಚ್‌ಎಸ್ ಕೋಡ್. ಜಗತ್ತಿನಾದ್ಯಂತ ಸರಕನ್ನು ಗುರುತಿಸುವ ಸಂಖ್ಯೆ ಇದು. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಸಮಾನ, ನಂತರದ್ದು ಆಯಾ ದೇಶದ್ದು. ಕೆಲಸ ಮಾಡಿದ ಗ್ರಾನೈಟ್ 6802ರಡಿ ಬರುತ್ತದೆ, ಅಗರಬತ್ತಿ 3307.41. ನಮ್ಮ ಎಂಟು ಅಂಕಿಯನ್ನೇ ಅಲ್ಲಿಯೂ ಒಪ್ಪುತ್ತಾರೆ ಎಂದುಕೊಳ್ಳಬೇಡಿ. ಆರು ಅಂಕಿ ಇಬ್ಬರ ಕಾಗದದಲ್ಲೂ ಒಂದೇ ಇರಬೇಕು, ಉಳಿದದ್ದನ್ನು ಕೆರಿಬಿಯನ್ ದೇಶಗಳ ಕ್ಯಾರಿಕಾಮ್ ಒಕ್ಕೂಟದ ಸುಂಕಪಟ್ಟಿ ನೋಡಿ ಬ್ರೋಕರ್ ತುಂಬುತ್ತಾರೆ.

ಎರಡು, ಬೆಲೆ. ಜಮೈಕಾದಲ್ಲಿ ಸುಂಕ ಲೆಕ್ಕ ಹಾಕುವುದು ಸಿಐಎಫ್ ಮೇಲೆ, ಅಂದರೆ ಮಾಲಿನ ಬೆಲೆ, ವಿಮೆ, ಸಾಗಣೆ ವೆಚ್ಚ ಮೂರೂ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಜನರಲ್ ಕನ್ಸಂಪ್ಷನ್ ಟ್ಯಾಕ್ಸ್, 2020ರ ಏಪ್ರಿಲ್‌ನಿಂದ 15 ಶೇಕಡಾ. ಪರಿಸರ ಲೆವಿಯಂಥ ಸಣ್ಣ ಬಾಬತ್ತುಗಳು ಬೇರೆ. ಹಾಗಾಗಿಯೇ ಕೆಲವರು ‘ಇನ್‌ವಾಯ್ಸ್ ಸ್ವಲ್ಪ ಕಮ್ಮಿ ಹಾಕಿ’ ಎಂದು ಕೇಳುತ್ತಾರೆ. ಒಪ್ಪಿದಿರೋ ಕೆಟ್ಟಿರಿ. ನಿಮ್ಮ ಶಿಪ್ಪಿಂಗ್ ಬಿಲ್‌ನ ಮೊತ್ತಕ್ಕೂ ಬ್ಯಾಂಕಿಗೆ ಬರುವ ಡಾಲರ್‌ಗೂ ತಾಳೆಯಾಗಬೇಕು, ಮಾಲು ಒಡೆದರೆ ವಿಮೆ ಸಿಗುವುದೂ ಆ ಕಮ್ಮಿ ಬೆಲೆಯ ಮೇಲೆಯೇ.

ಹಂತ 4: ಪ್ಯಾಕಿಂಗ್, ತೂಕ, ಸೀಲು

ಎರಡು ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚದರ ಮೀಟರಿಗೆ ಹೆಚ್ಚು ಕಡಿಮೆ 54 ಕಿಲೋ ತೂಗುತ್ತದೆ. 26 ಟನ್ ಅಂದರೆ 480 ಚದರ ಮೀಟರ್ ಆಸುಪಾಸು. ಇಪ್ಪತ್ತು ಅಡಿ ಕಂಟೇನರ್‌ನಲ್ಲಿ ಇಷ್ಟು ತುಂಬಿದ ಮೇಲೂ ಅರ್ಧ ಖಾಲಿ ಇದ್ದ ಹಾಗೇ ಕಾಣುತ್ತದೆ, ‘ಇನ್ನೊಂದು ಕ್ರೇಟು ಹಿಡಿಸುತ್ತೆ’ ಎಂಬ ಆಸೆ ಹುಟ್ಟುತ್ತದೆ. ಕಂಟೇನರ್ ಬಾಗಿಲ ಮೇಲಿನ ಬರಹ ನೋಡಿ: ಗರಿಷ್ಠ ಒಟ್ಟು ತೂಕ ಸಾಮಾನ್ಯವಾಗಿ 30,480 ಕಿಲೋ. ಅದರಲ್ಲಿ ಪೆಟ್ಟಿಗೆಯದ್ದೇ ಎರಡು ಟನ್ನಿಗೂ ಹೆಚ್ಚು ಹೋಗುತ್ತದೆ. ಹಡಗು ಕಂಪನಿಯ ಮಿತಿ, ಎರಡೂ ದೇಶಗಳ ರಸ್ತೆಯ ಮಿತಿ ಇದಕ್ಕಿಂತ ಕಡಿಮೆ ಇರಬಹುದು. ಕೇಳಿಯೇ ತುಂಬಿ.

ಚಪ್ಪಡಿಗಳನ್ನು ಮಲಗಿಸದೆ, ‘ಎ’ ಆಕಾರದ ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸುತ್ತಾರೆ. ಇಲ್ಲಿ ಮರದ ವಿಷಯ ಬರುತ್ತದೆ. ಕೀಟ ಒಂದು ದೇಶದಿಂದ ಇನ್ನೊಂದಕ್ಕೆ ಹೋಗದಿರಲಿ ಎಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಕಚ್ಚಾ ಮರದ ಪ್ಯಾಕಿಂಗನ್ನು ಬಿಸಿ ಮಾಡಿ ಅಥವಾ ಮಿಥೈಲ್ ಬ್ರೋಮೈಡ್ ಹೊಗೆ ಹಾಕಿ ಸಂಸ್ಕರಿಸಿ, ಮುದ್ರೆ ಒತ್ತಿರಬೇಕು. ಮುದ್ರೆಯನ್ನು ಹೀಗೆ ಪರೀಕ್ಷಿಸಿ: ಎಡಕ್ಕೆ ಗೋಧಿ ತೆನೆಯ ಚಿಹ್ನೆ, ಬಲಕ್ಕೆ ಭಾರತವನ್ನು ಸೂಚಿಸುವ ‘ಐಎನ್’, ಸಂಸ್ಕರಣ ಘಟಕದ ಸಂಖ್ಯೆ, ಕೊನೆಗೆ ‘ಎಚ್‌ಟಿ’ ಅಥವಾ ‘ಎಂಬಿ’. ಕೈಯಲ್ಲಿ ಬರೆದಿರಬಾರದು. ಕೆಂಪು, ಕಿತ್ತಳೆ ಬಣ್ಣ ತಪ್ಪಿಸಬೇಕು. ಕ್ರೇಟಿನ ಎರಡು ಎದುರುಬದುರು ಮುಖಗಳಲ್ಲಿ ಕಾಣಬೇಕು.

ನಮ್ಮವರು ಎಡವುವುದು ಕ್ರೇಟಿನಲ್ಲಲ್ಲ. ಕ್ರೇಟುಗಳೆಲ್ಲ ಮುದ್ರೆ ಹೊಡೆಸಿಕೊಂಡು ಬಂದಿರುತ್ತವೆ. ತುಂಬಿದ ಮೇಲೆ ಅಲ್ಲಾಡದಿರಲಿ ಎಂದು ಗೋಡೌನಿನ ಮೂಲೆಯಲ್ಲಿದ್ದ ನಾಲ್ಕು ಹಸಿ ತುಂಡುಗಳನ್ನು ಆಳುಗಳು ಸಂದಿಗೆ ಬಡಿದಿರುತ್ತಾರೆ. ಆ ತುಂಡುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತೊಗಟೆ ಅಂಟಿಕೊಂಡ ಒಂದೇ ಒಂದು ಬೆಣೆ ಸಾಕು, ತಪಾಸಣೆಯವರು ಇಡೀ ಕಂಟೇನರನ್ನು ನಿಲ್ಲಿಸಲು. ಬಾಗಿಲು ಮುಚ್ಚುವ ಮುಂಚೆ ಟಾರ್ಚ್ ಹಿಡಿದು ಸಂದಿಗಳನ್ನು ನೋಡಿ, ಫೋಟೋ ತೆಗೆದಿಡಿ. ಪ್ಲೈವುಡ್‌ಗೆ ಈ ನಿಯಮವಿಲ್ಲ, ಆದ್ದರಿಂದ ಸಂದಿ ತುಂಬಲು ಅದನ್ನೇ ಬಳಸುವುದು ಜಾಣತನ.

ತೂಕದ ಘೋಷಣೆಯನ್ನು ವಿಜಿಎಂ ಎನ್ನುತ್ತಾರೆ, ಪರಿಶೀಲಿಸಿದ ಒಟ್ಟು ತೂಕ. 2016ರ ಜುಲೈ 1ರಿಂದ ಇದಿಲ್ಲದ ಪೆಟ್ಟಿಗೆಯನ್ನು ಯಾವ ಹಡಗೂ ಏರಿಸುವಂತಿಲ್ಲ. ಗ್ರಾನೈಟಿನವರು ವೇಬ್ರಿಡ್ಜ್‌ನಲ್ಲಿ ತುಂಬಿದ ಕಂಟೇನರನ್ನೇ ತೂಗಿಸಿ. ಮಳೆಯಲ್ಲಿ ನೆನೆದ ಮರ, ಅಂದಾಜಿನ ಚಪ್ಪಡಿ ಲೆಕ್ಕ, ಎಲ್ಲ ಸೇರಿ ಕಾಗದದ ತೂಕಕ್ಕೂ ನಿಜಕ್ಕೂ ನೂರಾರು ಕಿಲೋ ಅಂತರ ಬರುತ್ತದೆ.

ಕೊನೆಗೆ ಬೋಲ್ಟ್ ಸೀಲು. ಅದರ ಸಂಖ್ಯೆ ಶಿಪ್ಪಿಂಗ್ ಬಿಲ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಮೂರರಲ್ಲೂ ಒಂದೇ ಇರಲಿ. ಕೆರಿಬಿಯನ್ ಸಮುದ್ರದ ಬಂದರುಗಳಲ್ಲಿ ಮಾದಕವಸ್ತುವಿನ ಕಳ್ಳಸಾಗಣೆಯ ಭಯ ಸದಾ ಇದೆ. ಅಮಾಯಕರ ಕಂಟೇನರ್ ತೆರೆದು ಒಳಗೆ ಚೀಲ ತುರುಕಿ ನಕಲಿ ಸೀಲು ಹಾಕುವುದು ಅದರ ಹಳೆಯ ತಂತ್ರ. ಹಾಗಾಗಿ ಸಂಖ್ಯೆಯಲ್ಲಿ ಒಂದಂಕಿ ಆಚೀಚೆಯಾದರೂ ಅಲ್ಲಿ ಯಾರೂ ಅದನ್ನು ಟೈಪಿಂಗ್ ದೋಷ ಎಂದು ಸುಮ್ಮನಾಗುವುದಿಲ್ಲ.

ಹಂತ 5: ದಾರಿ ಆರಿಸುವುದು

ಬೆಂಗಳೂರಿನ ಸುತ್ತಿನವರು ಸಾಮಾನ್ಯವಾಗಿ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋದಿಂದ ರೈಲಿನಲ್ಲಿ ಅಥವಾ ನೇರ ರಸ್ತೆಯಲ್ಲಿ ಚೆನ್ನೈಗೆ ಕಳಿಸುತ್ತಾರೆ. ಉತ್ತರ ಕರ್ನಾಟಕದವರಿಗೆ ಮುಂಬೈ ಬಳಿಯ ನ್ಹಾವಾ ಶೇವಾ ಹತ್ತಿರ. ಮಂಗಳೂರಿನಿಂದಲೂ ಕಂಟೇನರ್ ಹೋಗುತ್ತದೆ, ಆದರೆ ಚಿಕ್ಕ ಫೀಡರ್ ಹಡಗಿನಲ್ಲಿ ಹೋಗಿ ದೊಡ್ಡ ಬಂದರಿನಲ್ಲಿ ಬದಲಾಗಬೇಕು.

ಎಲ್ಲಿಂದ ಹೊರಟರೂ ದಾರಿಯಲ್ಲಿ ಹಡಗು ಬದಲಾವಣೆ ಇದ್ದೇ ಇರುತ್ತದೆ ಎಂದುಕೊಳ್ಳಿ. ಪಶ್ಚಿಮಕ್ಕೆ ಹೋದರೆ ಮೆಡಿಟರೇನಿಯನ್ ಕಡೆಯಿಂದ ಅಟ್ಲಾಂಟಿಕ್ ದಾಟಿ, ಪೂರ್ವಕ್ಕೆ ಹೋದರೆ ಪೆಸಿಫಿಕ್ ದಾಟಿ ಪನಾಮಾ ಮೂಲಕ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳ ಕಾರಣ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿದವು. ಅದೇ ಹೊತ್ತಿಗೆ ಬರಗಾಲದಿಂದ ಕಾಲುವೆಗೆ ನೀರುಣಿಸುವ ಗಾಟುನ್ ಸರೋವರದ ನೀರು ಇಳಿದು ಪನಾಮಾ ಕಾಲುವೆ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆಯನ್ನು 36ರಿಂದ 22ರ ಆಸುಪಾಸಿಗೆ ಇಳಿಸಿತ್ತು. ಎರಡು ಬಾಗಿಲೂ ಒಟ್ಟಿಗೆ ಕಿರಿದಾಗಬಲ್ಲವು ಎಂಬುದಕ್ಕೆ ಇದು ಸಾಕ್ಷಿ. ಗಿರಾಕಿಗೆ ತಲುಪುವ ದಿನಾಂಕ ಹೇಳುವಾಗ ಫಾರ್ವರ್ಡರ್ ಕೊಟ್ಟ ದಿನಾಂಕವನ್ನೇ ಒಪ್ಪಂದದಲ್ಲಿ ಬರೆಯಬೇಡಿ. ಇಲ್ಲಿಂದ ಹೊರಡುವ ದಿನಾಂಕಕ್ಕೆ ಮಾತ್ರ ಮಾತು ಕೊಡಿ.

ದರ ಹೋಲಿಸುವಾಗ ಕೇಳಬೇಕಾದ್ದು: ಎಷ್ಟು ಕಡೆ ಹಡಗು ಬದಲು, ಎಲ್ಲೆಲ್ಲಿ. ಒಂದು ಬದಲಾವಣೆಯ ದುಬಾರಿ ದರ, ಮೂರು ಬದಲಾವಣೆಯ ಅಗ್ಗದ ದರಕ್ಕಿಂತ ಗ್ರಾನೈಟಿಗೆ ಒಳ್ಳೆಯದು. ಪ್ರತಿ ಬದಲಾವಣೆ ಎಂದರೆ ಕ್ರೇನಿನ ಎರಡು ಎತ್ತುವಿಕೆ.

ಪೂರ್ಣ ಕಂಟೇನರ್ ತುಂಬದವರು ಎಲ್‌ಸಿಎಲ್‌ನಲ್ಲಿ, ಅಂದರೆ ಹಲವರ ಮಾಲು ಸೇರಿಸಿದ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಇದು ಮಿಯಾಮಿಯಂಥ ಅಮೆರಿಕದ ಬಂದರಿನ ಮೂಲಕ ಹೋಗುವುದಾದರೆ, ಮಾಲು ಅಮೆರಿಕಕ್ಕೆ ಅಲ್ಲದಿದ್ದರೂ ಹಡಗು ಏರುವ 24 ಗಂಟೆ ಮೊದಲು ಅಮೆರಿಕದ ಕಸ್ಟಮ್ಸ್‌ಗೆ ವಿವರ ಸಲ್ಲಬೇಕು. ‘ಜನರಲ್ ಗೂಡ್ಸ್’ ಎಂಬಂಥ ತೇಲಿಕೆಯ ವಿವರಣೆ ಅಲ್ಲಿ ನಡೆಯದು.

ಹಂತ 6: ಬಿಲ್ ಆಫ್ ಲೇಡಿಂಗ್

ಮಾಲು ಹಡಗಿಗೆ ಕೊಟ್ಟ ರಸೀದಿ, ಸಾಗಣೆಯ ಕರಾರು, ಮಾಲಿನ ಹಕ್ಕುಪತ್ರ, ಮೂರೂ ಒಂದೇ ಕಾಗದದಲ್ಲಿ. ಮೂರು ಮೂಲಪ್ರತಿ ಕೊಡುತ್ತಾರೆ. ಇದರಲ್ಲಿ ಒಂದನ್ನು ಒಪ್ಪಿಸಿದವರಿಗೆ ಕಿಂಗ್‌ಸ್ಟನ್‌ನಲ್ಲಿ ಮಾಲು ಸಿಗುತ್ತದೆ.

ಗಿರಾಕಿ ಹೊಸಬರೇ? ಪೂರ್ತಿ ಹಣ ಬರುವ ತನಕ ಮೂಲಪ್ರತಿ ನಿಮ್ಮ ಅಥವಾ ಬ್ಯಾಂಕಿನ ಕೈಯಲ್ಲಿರಲಿ. ಹಳಬರೇ, ಮುಂಗಡ ಬಂದಿದೆಯೇ? ಆಗ ಮೂಲಪ್ರತಿಯ ಕೊರಿಯರ್ ಗೋಜೇ ಬೇಡ. ಇಲ್ಲಿಯೇ ಹಡಗು ಕಂಪನಿಗೆ ಹಿಂತಿರುಗಿಸಿ ‘ಸರೆಂಡರ್’ ಮಾಡಿಸಿದರೆ, ಕಿಂಗ್‌ಸ್ಟನ್ ಕಚೇರಿಗೆ ಸಂದೇಶ ಹೋಗಿ ಕಾಗದವಿಲ್ಲದೆ ಬಿಡುಗಡೆಯಾಗುತ್ತದೆ. ಇದನ್ನು ಟೆಲೆಕ್ಸ್ ರಿಲೀಸ್ ಎನ್ನುತ್ತಾರೆ. ಟೆಲೆಕ್ಸ್ ಯಂತ್ರ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ.

ಕರಡು ಬಂದಾಗ ಆತುರದಲ್ಲಿ ‘ಓಕೆ’ ಎಂದು ಉತ್ತರಿಸಬೇಡಿ. ಹಡಗು ಹೊರಟ ಮೇಲೆ ತಿದ್ದಲು ಶುಲ್ಕವಿದೆ. ಹಡಗು ಕಿಂಗ್‌ಸ್ಟನ್ ಸಮೀಪಿಸಿ ಸರಕುಪಟ್ಟಿ ಜಮೈಕಾ ಕಸ್ಟಮ್ಸ್‌ಗೆ ಸಲ್ಲಿಕೆಯಾದ ಮೇಲೆ ತಿದ್ದುವುದು ಇನ್ನೂ ಕಷ್ಟ, ಅಲ್ಲಿಯೂ ದಂಡ. ಗಿರಾಕಿಯ ನೋಂದಾಯಿತ ಹೆಸರು, ಟಿಆರ್‌ಎನ್, ಕಂಟೇನರ್ ಸಂಖ್ಯೆ, ಸೀಲು, ಕ್ರೇಟುಗಳ ಸಂಖ್ಯೆ, ತೂಕ. ಇವನ್ನು ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ಇನ್‌ವಾಯ್ಸ್‌ನಲ್ಲಿ ಬೆರಳಿಟ್ಟು ನೋಡಿ.

ಹಂತ 7: ವಿಮೆ, ಗಾಳಿ

ಸಿಐಎಫ್ ಬೆಲೆಗೆ ಮಾರಿದ್ದರೆ ವಿಮೆ ಮಾಡಿಸುವುದು ನಿಮ್ಮ ಕರ್ತವ್ಯ. ಆದರೆ ಮಾರುವವರ, ಕೊಳ್ಳುವವರ ಹೊಣೆ ಹಂಚುವ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್ 2020ರ ಪ್ರಕಾರ ಕನಿಷ್ಠ ಮಟ್ಟದ ‘ಸಿ’ ವಿಮೆ ಸಾಕು. ಅದು ಹಡಗು ಮುಳುಗುವುದು, ಬೆಂಕಿ, ಡಿಕ್ಕಿಯಂಥ ದೊಡ್ಡ ಅವಘಡಕ್ಕಷ್ಟೇ. ಅಲೆಯ ಕುಲುಕಾಟಕ್ಕೆ ಚಪ್ಪಡಿ ಸೀಳಿದರೆ ಬಿಡಿಗಾಸೂ ಇಲ್ಲ. ‘ಎ’ ವರ್ಗದ್ದನ್ನೇ ಮಾಡಿಸಿ. ಅದರಲ್ಲೂ ಕೆಟ್ಟ ಪ್ಯಾಕಿಂಗ್‌ಗೂ ವಿಳಂಬಕ್ಕೂ ಪರಿಹಾರವಿಲ್ಲ, ಹಂತ 4ರ ಫೋಟೋಗಳು ಉಪಯೋಗಕ್ಕೆ ಬರುವುದು ಆಗಲೇ.

ವಿಮೆ ಬೇಡ ಎನ್ನುವವರಿಗೆ ‘ಜನರಲ್ ಆ್ಯವರೇಜ್’ ಗೊತ್ತಿರುವುದಿಲ್ಲ. ಹಡಗನ್ನು ಅಪಾಯದಿಂದ ಪಾರುಮಾಡಲು ಆದ ಖರ್ಚನ್ನು ಅದರಲ್ಲಿರುವ ಎಲ್ಲ ಮಾಲಿನವರೂ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ಕಾನೂನು ಅದು. 2024ರ ಮಾರ್ಚ್ 26ರಂದು ಬಾಲ್ಟಿಮೋರ್ ಸೇತುವೆಗೆ ಡಿಕ್ಕಿ ಹೊಡೆದ ‘ಡಾಲಿ’ ಹಡಗಿನ ಮಾಲೀಕರು ಇದನ್ನೇ ಘೋಷಿಸಿದರು. ನಿಮ್ಮ ಮಾಲಿಗೆ ಗೀರೂ ಬೀಳದಿದ್ದರೂ ಪಾಲು ಕಟ್ಟದೆ ಕಂಟೇನರ್ ಬಿಡುವುದಿಲ್ಲ. ವಿಮೆ ಇದ್ದರೆ ಆ ತಲೆನೋವು ಕಂಪನಿಯದ್ದು.

ಕೆರಿಬಿಯನ್‌ನ ಚಂಡಮಾರುತ ಋತು ಜೂನ್ 1ರಿಂದ ನವೆಂಬರ್ 30. 2024ರ ಜುಲೈ 3ರಂದು ಬೆರಿಲ್ ಜಮೈಕಾದ ದಕ್ಷಿಣ ಕರಾವಳಿಯನ್ನು ಉಜ್ಜಿಕೊಂಡು ಹೋಯಿತು. 2025ರ ಅಕ್ಟೋಬರ್ 28ರಂದು ಅತ್ಯುಗ್ರ ಐದನೇ ದರ್ಜೆಯ ಮೆಲಿಸ್ಸಾ ದ್ವೀಪದ ಪಶ್ಚಿಮ ಭಾಗವನ್ನು ಜರ್ಜರಿತಗೊಳಿಸಿತು. ಇಂಥ ಮುನ್ಸೂಚನೆ ಬಂದ ಕೂಡಲೇ ಬಂದರು ಮುಚ್ಚುತ್ತದೆ, ಕ್ರೇನುಗಳನ್ನು ನೆಲಕ್ಕೆ ಬಿಗಿಯುತ್ತಾರೆ, ಹಡಗುಗಳು ದೂರ ಹೋಗುತ್ತವೆ. ತೆರೆದ ಮೇಲೂ ಬಾಕಿ ಸರಕಿನ ಸಾಲು ಕರಗಲು ಹೊತ್ತು ಬೇಕು. ಆ ತಿಂಗಳುಗಳಲ್ಲಿ ಮಾಲು ಕಳಿಸಬೇಡಿ ಎನ್ನುತ್ತಿಲ್ಲ. ವಿಮೆ ಇಲ್ಲದೆ, ತಲುಪುವ ದಿನಾಂಕಕ್ಕೆ ದಂಡದ ಷರತ್ತು ಒಪ್ಪಿಕೊಂಡು ಕಳಿಸಬೇಡಿ.

ಹಂತ 8: ಕಿಂಗ್‌ಸ್ಟನ್‌ನಲ್ಲಿ ಇಳಿದ ಮೇಲೆ

ಕಟ್ಟೆಯ ದೊಡ್ಡ ಕ್ರೇನು ಪೆಟ್ಟಿಗೆಯನ್ನು ಹಡಗಿನಿಂದೆತ್ತಿ ಕಾಲಬುಡದಲ್ಲಿ ಇಳಿಸುತ್ತದೆ. ಅಲ್ಲಿಂದ ಕಂಟೇನರ್ ಟರ್ಮಿನಲ್‌ನಲ್ಲಿ ಅದನ್ನು ಒಯ್ಯುವುದು ಸ್ಟ್ರ್ಯಾಡಲ್ ಕ್ಯಾರಿಯರ್. ಎತ್ತರದ ಕಾಲುಗಳ ಮೇಲೆ ನಿಂತ ಈ ಗಾಡಿ ಕಂಟೇನರ್‌ನ ಎರಡೂ ಬದಿಗೆ ಚಕ್ರ ಚಾಚಿ, ಅದನ್ನು ಹೊಟ್ಟೆಯಡಿ ಎತ್ತಿಕೊಂಡು ಓಡುತ್ತದೆ. ಚಾಲಕ ಕೂರುವುದು ನಾಲ್ಕೈದು ಆಳೆತ್ತರದಲ್ಲಿ. ಅದರ ಚಕ್ರಕ್ಕೆ ಜಾಗ ಬೇಕಾದ್ದರಿಂದ ಅಂಗಳದಲ್ಲಿ ಪೆಟ್ಟಿಗೆಗಳು ಒತ್ತೊತ್ತಾಗಿರದೆ, ನಡುವೆ ಸಂದು ಬಿಟ್ಟ ಉದ್ದುದ್ದ ಸಾಲುಗಳಲ್ಲಿ, ತಗ್ಗಾಗಿ ಪೇರಿಸಿರುತ್ತವೆ. ಹುಡುಕಿ ತೆಗೆಯುವುದು ಸುಲಭ. ಅಂದರೆ ನಿಮ್ಮ ವಿಳಂಬಕ್ಕೆ ಅಂಗಳ ಕಾರಣವಾಗುವುದು ಕಡಿಮೆ.

ಕಾಗದದ ದಾರಿ ಬೇರೆ. ಇದು ಈ ಕ್ರಮದಲ್ಲಿ ನಡೆಯುತ್ತದೆ:

1. ಹಡಗು ಕಂಪನಿ ಸರಕುಪಟ್ಟಿಯನ್ನು, ಅಂದರೆ ಮ್ಯಾನಿಫೆಸ್ಟನ್ನು, ಅಸಿಕ್ಯೂಡ ವರ್ಲ್ಡ್ ಎಂಬ ಕಸ್ಟಮ್ಸ್ ತಂತ್ರಾಂಶದಲ್ಲಿ ಸಲ್ಲಿಸುತ್ತದೆ. ವಿಶ್ವಸಂಸ್ಥೆಯ ವ್ಯಾಪಾರ ವಿಭಾಗ ರೂಪಿಸಿದ ಈ ವ್ಯವಸ್ಥೆಯನ್ನು ಹಲವು ದೇಶಗಳು ಬಳಸುತ್ತವೆ.
2. ಗಿರಾಕಿಯ ಬ್ರೋಕರ್ ಅದೇ ವ್ಯವಸ್ಥೆಯಲ್ಲಿ ಘೋಷಣೆ ಸಲ್ಲಿಸಿ ಸುಂಕ ಕಟ್ಟುತ್ತಾರೆ. ಹಡಗು ಬರುವ ಮೊದಲೇ ತಯಾರಿರಬೇಕಾದ್ದು ಇದು.
3. ತಂತ್ರಾಂಶ ಘೋಷಣೆಗೆ ಬಣ್ಣ ಹಚ್ಚುತ್ತದೆ. ಹಸಿರಾದರೆ ನೇರ ಬಿಡುಗಡೆ, ಹಳದಿಯಾದರೆ ಕಾಗದ ಪರಿಶೀಲನೆ, ಕೆಂಪಾದರೆ ಮಾಲಿನ ತಪಾಸಣೆ, ನೀಲಿಯಾದರೆ ಬಿಟ್ಟು ಆಮೇಲೆ ಲೆಕ್ಕ ಕೇಳುವುದು.
4. ಕಂಟೇನರ್ ಎಕ್ಸ್‌ರೇ ಸ್ಕ್ಯಾನರ್‌ಗೆ ಹೋಗಬಹುದು. ಗ್ರಾನೈಟ್ ದಟ್ಟವಾದ್ದರಿಂದ ಚಿತ್ರ ಕಪ್ಪಾಗಿ ಕಂಡು, ತೆರೆದು ನೋಡಲು ಕೇಳಿದರೆ ಆಶ್ಚರ್ಯಪಡಬೇಡಿ. ಬಾಗಿಲ ಬಳಿಯ ಕ್ರೇಟು ಸುಲಭವಾಗಿ ಹೊರತೆಗೆಯುವಂತಿರಲಿ.
5. ಹಡಗು ಕಂಪನಿಯ ಸ್ಥಳೀಯ ಶುಲ್ಕ ಕಟ್ಟಿ, ಬಿಲ್ ಆಫ್ ಲೇಡಿಂಗ್ ಒಪ್ಪಿಸಿ ಬಿಡುಗಡೆ ಆದೇಶ ಪಡೆಯಬೇಕು. ಟರ್ಮಿನಲ್‌ನ ಶುಲ್ಕ ಪ್ರತ್ಯೇಕ.
6. ಲಾರಿ ಗೇಟಿಗೆ.

ಎಲ್‌ಸಿಎಲ್ ಆದರೆ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿ ಎಲ್ಲರ ಮಾಲು ಬೇರ್ಪಡಿಸಿದ ಮೇಲಷ್ಟೇ ನಿಮ್ಮ ಸರದಿ. ಡಿಸೆಂಬರ್ ಹತ್ತಿರವಾದಂತೆ ಈ ಗೋದಾಮುಗಳು ಪೀಪಾಯಿಗಳಿಂದ ತುಂಬಿರುತ್ತವೆ. ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ನೆಲೆಸಿದ ಜಮೈಕನ್ನರು ಕ್ರಿಸ್‌ಮಸ್‌ಗೆ ಮನೆಯವರಿಗೆ ಬಟ್ಟೆ, ದಿನಸಿ, ಸೋಪು ತುಂಬಿ ಕಳಿಸುವ ಆಳೆತ್ತರದ ಡ್ರಮ್ಮುಗಳು ಅವು. ವ್ಯಾಪಾರದ ಮಾಲನ್ನು ಆ ಗದ್ದಲಕ್ಕೆ ಸಿಕ್ಕಿಸಬೇಡಿ, ನವೆಂಬರ್ ಮೊದಲೇ ತಲುಪಿಸಿ ಅಥವಾ ಜನವರಿಗೆ ಬಿಡಿ.

ಹಂತ 9: ಗಡಿಯಾರದ ಲೆಕ್ಕ

ಇಳಿದ ಮೇಲೆ ಕೆಲವು ದಿನ ಉಚಿತ. ಆಮೇಲೆ ಎರಡು ಬೇರೆ ಬೇರೆ ಮೀಟರ್ ಓಡುತ್ತವೆ. ಟರ್ಮಿನಲ್‌ನೊಳಗೆ ಜಾಗ ಹಿಡಿದದ್ದಕ್ಕೆ ಡೆಮರೇಜ್ ಮತ್ತು ಸ್ಟೋರೇಜ್. ಹೊರಗೆ ಒಯ್ದ ಹಡಗು ಕಂಪನಿಯ ಪೆಟ್ಟಿಗೆಯನ್ನು ಹಿಂತಿರುಗಿಸದಿದ್ದುದಕ್ಕೆ ಡಿಟೆನ್ಷನ್. ದರ ದಿನ ಹೋದಂತೆ ಏರುತ್ತದೆ. ಬುಕಿಂಗ್ ಸಮಯದಲ್ಲೇ ಉಚಿತ ದಿನ ಹೆಚ್ಚಿಸಿಕೊಡಿ ಎಂದು ಕೇಳಿದರೆ 14 ದಿನವಾದರೂ ಸಿಗಬಹುದು. ಹಡಗು ಇಳಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಆಗಸ್ಟ್ 1 ವಿಮೋಚನಾ ದಿನ, ಆಗಸ್ಟ್ 6 ಸ್ವಾತಂತ್ರ್ಯ ದಿನ. ಒಂದೇ ವಾರದಲ್ಲಿ ಎರಡು ರಜೆ ಬರುತ್ತವೆ, ಮೀಟರಿಗೆ ರಜೆ ಇರುತ್ತದೋ ಇಲ್ಲವೋ ವಿಚಾರಿಸಿಕೊಳ್ಳಿ.

ಗಿರಾಕಿ ಮಾಲು ಬಿಡಿಸಿಕೊಳ್ಳದೆ ಕೈ ಎತ್ತಿದರೆ? ಬಿಲ್ ಆಫ್ ಲೇಡಿಂಗ್‌ನ ಹಿಂಭಾಗದ ಸಣ್ಣಕ್ಷರಗಳಲ್ಲಿ ‘ಮರ್ಚೆಂಟ್’ ಎಂಬ ಪದಕ್ಕೆ ಕಳಿಸಿದವರೂ ಸೇರುತ್ತಾರೆ. ಅಂದರೆ ಆ ಬಾಕಿಯ ಬಿಲ್ಲು ಕೊನೆಗೆ ನಿಮ್ಮ ಬಾಗಿಲಿಗೂ ಬರಬಹುದು. ದಿನ ಮೀರಿದ ಮಾಲನ್ನು ಕಸ್ಟಮ್ಸ್ ಹರಾಜು ಹಾಕುತ್ತದೆ. ಹೊಸ ಗಿರಾಕಿಯಿಂದ ಪಡೆಯುವ ಮುಂಗಡ ಕನಿಷ್ಠ ಹೋಗಿಬರುವ ಸಾಗಣೆ ವೆಚ್ಚವನ್ನಾದರೂ ತುಂಬುವಷ್ಟಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಂತ 10: ಖಾಲಿ ಪೆಟ್ಟಿಗೆ

ಗ್ರಾನೈಟ್ ಇಳಿಸಲು ಗಿರಾಕಿಯ ಬಳಿ ಫೋರ್ಕ್‌ಲಿಫ್ಟ್ ಅಥವಾ ಕ್ರೇನ್ ಇದೆಯೇ ಎಂದು ಮೊದಲೇ ಕೇಳಿರಬೇಕು. ಇಲ್ಲದಿದ್ದರೆ ಬಾಡಿಗೆಗೆ ಹುಡುಕುವಷ್ಟರಲ್ಲಿ ಡಿಟೆನ್ಷನ್ ಶುರು. ಒಳಗಿನ ಮರದ ತುಂಡು, ಮೊಳೆ, ಪಟ್ಟಿಗಳನ್ನೆಲ್ಲ ತೆಗೆದು ಗುಡಿಸಿ ಹಿಂತಿರುಗಿಸಬೇಕು, ಕಸ ಬಿಟ್ಟರೆ ಶುದ್ಧೀಕರಣದ ಶುಲ್ಕ ಬೀಳುತ್ತದೆ. ಡಿಪೋ ಕೊಡುವ ಗೇಟ್ ರಸೀದಿಯಲ್ಲಿ ಪೆಟ್ಟಿಗೆಯ ಸ್ಥಿತಿ, ದಿನಾಂಕ, ಹೊತ್ತು ಇರುತ್ತದೆ. ಅದರ ಫೋಟೋ ತರಿಸಿಕೊಂಡು ಕಡತಕ್ಕೆ ಸೇರಿಸಿ. ಅಲ್ಲಿಯವರೆಗೆ ಆ ಸಾಗಣೆಯ ಲೆಕ್ಕ ಮುಚ್ಚಬೇಡಿ.

ಫೋನು ಮಾಡುವವರಿಗೆ: ಕಿಂಗ್‌ಸ್ಟನ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲೂ ಗಡಿಯಾರ ಬದಲಿಸುವುದಿಲ್ಲ. ಅಲ್ಲಿ ಬೆಳಿಗ್ಗೆ 8 ಗಂಟೆಗೆ ಕಚೇರಿ ತೆರೆಯುವಾಗ ಇಲ್ಲಿ ಸಂಜೆ ಆರೂವರೆ. ಅವರ ಶುಕ್ರವಾರ ಮಧ್ಯಾಹ್ನದೊಳಗೆ ಕೆಲಸ ಆಗಬೇಕಿದ್ದರೆ ನೀವು ಗುರುವಾರ ರಾತ್ರಿಯೇ ಕಾಗದ ಕಳಿಸಿ ಮಲಗಿ.